ಧುರಾಡಿ ಮಾತಾಡವಲ್ದು

ಅಡ್ಡಮಳಿ ಬಂದ ಮರುದಿನ
ಉಮದಿಯೊಳಗ ಎಲ್ಲಾರೂ ಮಾರಿ ಮ್ಯಾಲ ಮಾಡಿ ಅಡ್ಡಾಡಿದರು:
ಯಾರ ಪತ್ರಾ ಹಾರಿತು, ಯಾರ ಬೇವಿನಗಿಡ ಮುರೀತು,
ಭೀಮಶಾನ ದನದ ಕೊಟಗಿ
ಹ್ಯಾಂಗ ಹೋಗಿ ಹಳ್ಳದಾಗ ಕುಂತಿತು.
ನಮ್ಮ ಮಾಳಿಗಿ ಇದ್ದಲ್ಲೇ ಇತ್ತು.
"ನಮ್ದೇನೂ ಆಗಿಲ್ಲ ಬಿಡು," ಅಂದರು ಇವರು,
ಪುಣ್ಯಾ ಮಾಡಿದವರ ದನಿ ತಗದು.

ಅತ್ತಿ ಒಬ್ಬಾಕಿ ಒಪ್ಪಲಿಲ್ಲ.
ಪೊರಿ ಬಂದ ಕಣ್ಣು, ಕಿವಿ ಮಾತ್ರ ಇನ್ನೂ ಹರೇದ್ದು.
ಕಟ್ಟಿ ಮ್ಯಾಲ ಕುಂತು, ಗೋಡಿಗೆ ಬೆನ್ನ ಕೊಟ್ಟು,
"ಪಡುವಣ ಗಾಳಿ ಬೀಸಾಕತ್ತೈತಿ,
ಧುರಾಡಿ ಯಾಕ ಮಾತಾಡವಲ್ದು?" ಅಂದಳು.

ಧುರಾಡಿ ಅಂದ್ರ ಹೊಗಿಗೂಡು.
ಇಂಡಿ ಕಡಿಂದ ಬಂದ ನಾ ಹೊಗಿಗೂಡು ಅಂತೇನಿ,
ಆಕಿ ಧುರಾಡಿ ಅಂತಾಳ,
ಹೊಗಿ ಎರಡಕ್ಕೂ ಓಗೊಟ್ಟು ಮ್ಯಾಲ ಹೋಗತಿತ್ತು.
ಪಡುವಣ ಗಾಳಿ ಬಿಟ್ಟರ, ಖಾಲಿ ಶೀಶೆದ ಬಾಯಿಗೆ
ತುಟಿ ಇಟ್ಟು ಊದಿದಂಗ
ಹೂಂ ಅಂತಿತ್ತು. ಹೂಂ. ಮತ್ತ ಹೂಂ.
ಹದಿನಾರು ವರ್ಷ ನನಗದು ಕೇಳೇ ಇರಲಿಲ್ಲ.
ನಿಂತ ಮ್ಯಾಲ ಕೇಳಿತು.

ಆಮ್ಯಾಲ ಒಂದೊಂದ ಕಾಣಾಕ ಹತ್ತಿದವು.
ಬ್ಯಾಳಿಯಾಗ ಕರೀ ಚೂರು. ಸಾಸವಿ ಅಂದಕೊಂಡೆ, ಮಸಿ.
ಒಲಿ ಹಿಂದಿನ ಗೋಡಿಗೆ, ಸುಣ್ಣದ ಮ್ಯಾಲ,
ಚಾ ಚೆಲ್ಲಿದಂಥಾ ಕಲಿ,
ಸಂಜಿಗೆ ಒಂದು ಗೇಣು ಇಳದಿತ್ತು.
ಬೂದಿಯೊಳಗ ಕೆಂಪು ಇಟ್ಟಿಗಿಪುಡಿ.
ತೊಯ್ದ ಮಸಿಯ ವಾಸನಿ,
ಸೀದ ರೊಟ್ಟಿಗೆ ಕೊಡಲಿಯ ತುಕ್ಕು ಕಲಸಿದಂಗ.
"ಬೆಂಕಿ ಹಚ್ಚಬ್ಯಾಡ ನಿಂಬೆವ್ವಾ," ಅಂದಳು ಅತ್ತಿ,
"ಅದರ ಹೊಟ್ಟ್ಯಾಗ ಏನೈತಿ ನೋಡೂತನಕ."
ಅಂಗಳದಾಗ ಮೂರು ಕಲ್ಲಿಟ್ಟು ಅನ್ನಾ ಕುದಿಸಿದೆ.

ಗೌಂಡಿ ದಾವಲಸಾಬ ಮೂರನೇ ದಿನ ಬಂದ.
ನಿಚ್ಚಣಿಕಿ ಹಚ್ಚೂಕಿಂತ ಮೊದಲ ಕನ್ನಡಿ ಕೇಳಿದ.
ಇವರು ಗಡ್ಡಾ ಮಾಡಿಕೊಳ್ಳೂ ಕನ್ನಡಿ
ಒಲಿಯೊಳಗ ತೂರಿಸಿ "ನೋಡ ತಂಗಿ" ಅಂದ.
ತಲಿ ಮ್ಯಾಲಿನ ಫರಸಿ ಹಾರಿ ಹೋಗೈತಿ,
ಅಂಗೈ ಅಗಲದ ಚೌಕ ಆಕಾಶ ಕಾಣಬೇಕಂತ.
ನನಗ ಕಂಡದ್ದು ಹರಿದ ರೇಶನ್ ಕಾರ್ಡಿನಷ್ಟ,
ನಡುವ ಅಡ್ಡ ಸಿಕ್ಕೊಂಡ ಎರಡು ಇಟ್ಟಿಗಿ,
ಗುಬ್ಬಿಗೂಡಿನ ಕಸ.

ಮ್ಯಾಲೇರಿ ಕರಣಿಯ ಹಿಡಕಿಯಿಂದ
ಒಂದೊಂದ ಇಟ್ಟಿಗಿ ತಟ್ಟಿದ.
ಗಟ್ಟಿ ಇದ್ದದ್ದು ಠಣ್ ಅಂತು, ಸಡ್ಲಾದದ್ದು ದಪ್.
ಕೆಳಗ ಅತ್ತಿ ಬಟ್ಟು ಮಡಚಿ ಎಣಿಸಿದಳು.
ಸಡ್ಲಾದವು ಏಳು, ಅಂದ ಅವ. ಒಂಬತ್ತು, ಅಂದಳು ಈಕಿ.
ಮತ್ತೊಮ್ಮಿ ತಟ್ಟಿದ.
ಒಂಬತ್ತ.

ಅದರ ನಡಕ ತಲಾಠಿ ಬಂದ, ಪಂಚನಾಮೆಗೆ.
ಮರಾಠಿ ಫಾರಮಿನಾಗ ಛತ್ತು, ಭಿಂತಿ, ಜನಾವರ.
ಧುರಾಡಿಗೆ ಖಾನೆ ಇಲ್ಲ.
ಪೆನ್ನು ಕಿವಿಗೇರಿಸಿ, ಅರ್ಧ ಕನ್ನಡದಾಗ,
"ಇದು ಮನಿ ಒಳಗ ಬರತೈತೋ, ಹೊರಗೋ?" ಅಂದ.
"ಇದನ್ನ ಕಟ್ಟಿಸೂತನಕ ಮೂವತ್ತು ವರ್ಷ
ಹೊಗಿ ನನ್ನ ಕಣ್ಣಾಗಿತ್ತಪಾ," ಅಂದಳು ಅತ್ತಿ,
"ಅದು ಒಳಗೋ ಹೊರಗೋ, ನೀನ ಬರಕೋ."
ಏನೋ ಬರಕೊಂಡ. ನಾವು ಓದಲಿಲ್ಲ.

ಸಿಮೆಂಟ್ ಬ್ಯಾಡಂದ ದಾವಲಸಾಬ.
ಹಳೀ ಇಟ್ಟಿಗಿಗೆ ಅದರ ಬಿಗಿ ತಾಳೂದಿಲ್ಲಂತ.
ಸುಣ್ಣಾ ಉಸುಕು ಕಲಸಿ ಒಂಬತ್ತನ್ನೂ ಕೂಡ್ರಿಸಿದ.
ಫರಸಿ ಭೀಮಶಾನ ಜ್ವಾಳದ ಹೊಲದಾಗ ಸಿಕ್ಕಿತು,
ಒಂದು ಮೂಲಿ ಮುರದು.
ಇರಲಿ, ನಡೀತೈತಿ, ಅಂದು ಹಂಗ ಇಟ್ಟ.
ಒಂದು ವಾರ ಒಣಗಾಕ ಬಿಟ್ಟು
ಮೊದಲ ದಿನ ಹುಲ್ಲು ಹಚ್ಚಿದೆ, ಬರೇ ಹುಲ್ಲು.
ಹೊಗಿ ಒಲಿ ಮುಂದ ಒಂದು ಸುತ್ತು ತಿರುಗಿತು,
ಗುರ್ತಾ ಹತ್ತದವರಂಗ,
ಆಮ್ಯಾಲ ಸರಕ್ಕನ ಏರಿತು.

ಪಡುವಣ ಗಾಳಿ ಮತ್ತ ಬಿಟ್ಟದ್ದು ಅಮಾಸಿ ದಿನ.
ಎಲ್ಲಾರೂ ಉಣ್ಣೂದು ಬಿಟ್ಟು ಕುಂತಿವಿ.
ಹೂಂ ಅನಲಿಲ್ಲ ಅದು.
ಮುರದ ಮೂಲಿಯಿಂದ ಸಣ್ಣಗ, ಹಲ್ಲು ಬಿದ್ದ ಹುಡುಗರ ಸಿಳ್ಳಿಯಂಗ
ಏನೋ ಒಂದು.

ಅತ್ತಿ ಬಾಳ ಹೊತ್ತು ಕೇಳಿದಳು.
"ಇದು ಬ್ಯಾರೆ ಯಾರೋ," ಅಂದಳು.
ಆಮ್ಯಾಲ, "ರೊಟ್ಟಿ ನೀಡು."