ನೆತ್ತಿಯ ಮೇಲೆ ಹಾಯುವಾಗ

ಏಳು ಹನ್ನೆರಡಕ್ಕೆ ಬರಬೇಕು.
ವಾಯವ್ಯದಲ್ಲೆದ್ದು, ಮಂಡಕ್ಕಿ ಭಟ್ಟಿಗಳ ಹೊಗೆಯೊಳಗೆ
ಸ್ವಲ್ಪ ಹೊತ್ತು ಕಾಣದೆ,
ಆಮೇಲೆ ವಾಟರ್ ಟ್ಯಾಂಕಿನ ಎಡಮಗ್ಗುಲಲ್ಲಿ
ಒಂದು ಕಾಳು ಸಿಡಿದಂತೆ.

ನಮ್ಮ ದುರ್ಬೀನಿನ ಕೊಳವೆ ಬೋರ್‌ವೆಲ್ ಕೇಸಿಂಗ್ ಪೈಪು,
ಪಾತಾಳಕ್ಕೆ ಇಳಿಯಬೇಕಿದ್ದದ್ದು.
ಕನ್ನಡಿ ನಾನು ಉಜ್ಜಿದ್ದು, ಆರಿಂಚಿನದು,
ಒಂದು ಮಳೆಗಾಲ ಮತ್ತು ಅರ್ಧ ಚಳಿಗಾಲ.
ಮೋಟಾರು ಎರಡು. ಒಂದು, ಸತ್ತ ಜೆರಾಕ್ಸ್ ಮೆಷಿನ್ನಿನದು;
ಇನ್ನೊಂದು ಎಲ್ಲಿಯದೆಂದು ಕೇಳಬಾರದು,
ಚಮನ್‌ಸಾಬರ ಡ್ರಾಯರಿನಲ್ಲಿತ್ತು.
ಹಲ್ಲುಚಕ್ರ ಕಡಿದವರೂ ಅವರೇ,
ಬಂಬೂ ಬಜಾರಿನ ಲೇತಿನಲ್ಲಿ, ನೂರಾ ನಲವತ್ನಾಲ್ಕು ಹಲ್ಲು.
ಕೂಲಿ ಎಷ್ಟೆಂದರೆ,
"ಮೊದ್ಲು ಅದು ಕಚ್ಚಲಿ ಕೊಟ್ರವ್ವ" ಅಂದರು.

ಹೆಣ್ಣುಮಕ್ಕಳ ಹೈಸ್ಕೂಲಿನ ಅಟೆಂಡರ್ ನಾನು.
ಬೀಕರ್ ತೊಳೆಯುವುದು, ಆಸಿಡ್ ಬೀರುವಿಗೆ ಬೀಗ ಹಾಕುವುದು,
ವರ್ಷಕ್ಕೊಮ್ಮೆ ಹೊರಬರುವ ಮಸೂರಗಳನ್ನು
ವಾರಕ್ಕೊಮ್ಮೆ ಒರೆಸುವುದು.
ಒರೆಸುತ್ತ ಒರೆಸುತ್ತ ಕಣ್ಣು ಅಲ್ಲಿಗೆ ಬಿತ್ತು.

ನಕ್ಷತ್ರಗಳನ್ನು ಹಿಂಬಾಲಿಸುವುದು ಸಲೀಸು.
ಒಂದು ಎಲೆಅಡಿಕೆ ಜಗಿದು ಮುಗಿಸುವಷ್ಟರಲ್ಲಿ
ಬೆರಳಗಲ ಸರಿಯುತ್ತವೆ,
ಮೋಟಾರಿಗೂ ತೂಕಡಿಕೆ ಬರುತ್ತದೆ.
ಇದು ಹಾಗಲ್ಲ.
ಯಾರೋ ಎಂದೋ ಹಾರಿಸಿ ಕೈಬಿಟ್ಟ ರಾಕೆಟ್ಟಿನ ಕೊನೆಯ ಡಬ್ಬಿ,
ಐದೇ ನಿಮಿಷದಲ್ಲಿ ಊರು ದಾಟುತ್ತದೆ, ಪಲ್ಟಿ ಹೊಡೆಯುತ್ತ,
ಮಗ್ಗುಲು ಬದಲಿಸಿದಾಗೆಲ್ಲ ಒಮ್ಮೆ ಮಿಂಚಿ.

ಅದರ ದಾರಿಯೆಲ್ಲ ಎರಡು ಸಾಲು ಅಂಕಿ.
ಎಂಟು ದಿನಕ್ಕೆ ಹಳಸುವ ಜಾತಕ ಅದು,
ಹೊಸದು ಹಾಕದಿದ್ದರೆ
ಲ್ಯಾಪ್‌ಟಾಪು ಖಾಲಿ ಆಕಾಶವನ್ನು ಭಕ್ತಿಯಿಂದ ತೋರಿಸುತ್ತದೆ.

ಬಂತು.
ಕಿರ್ ಎಂದು ಕೊಳವೆ ಕತ್ತೆತ್ತಿತು.
ನಲವತ್ತು ವರ್ಷದ ಲೇತು ಚಮನ್‌ಸಾಬರ ಕಿವಿ ತಿಂದಿದೆ;
ಅವರು ಎರಡು ಬೆರಳನ್ನು ಗೇರ್ ಪೆಟ್ಟಿಗೆಯ ಮೇಲಿಟ್ಟು
ಕಣ್ಣು ಮುಚ್ಚಿ ಕೂರುತ್ತಾರೆ.
"ಬೆಲ್ಟು ಜಾರ್ತೈತಿ" ಅನ್ನುತ್ತಾರೆ,
ನನ್ನ ಕಣ್ಣಿಗೆ ಚುಕ್ಕಿ ಅಲುಗುವ ಮೊದಲೇ.

ತೊಂದರೆ ಇರುವುದು ನೆತ್ತಿಯಲ್ಲಿ.
ಅಲ್ಲಿಯವರೆಗೆ ವಾಯವ್ಯಕ್ಕೆ ಮುಖ ಮಾಡಿದ್ದು
ಒಂದೇ ಉಸಿರಿಗೆ ಆಗ್ನೇಯಕ್ಕೆ ತಿರುಗಬೇಕು, ನಿಂತಲ್ಲೇ.
ತಲೆಯ ಮೇಲಿರುವುದಕ್ಕೆ ದಿಕ್ಕು ಯಾವುದು ಹೇಳಿ?
ಮೋಟಾರಿಗೆ ಅದು ತಿಳಿಯುವುದಿಲ್ಲ.
ಗೋಳಿಡುತ್ತದೆ, ನಡುಗುತ್ತದೆ,
ಅಷ್ಟರಲ್ಲಿ ಡಬ್ಬಿ ಅತ್ತ ಹೋಗಿರುತ್ತದೆ.
ಮೂರು ವರ್ಷ, ಪ್ರತಿ ಸಲ, ಇಲ್ಲೇ ಕಳೆದುಕೊಂಡಿದ್ದೇವೆ.

ಈ ಸಲ ಅವರು ಸ್ಕ್ರೂ ಸಡಿಲಿಸಿ
ಪೈಪನ್ನು ತೋಳಿನಲ್ಲಿ ತಬ್ಬಿಕೊಂಡರು,
ಎತ್ತಿನ ಕೊರಳು ಹಿಡಿದಂತೆ.
ನಾನು ಕಣ್ಣು ಕೀಳುವ ಹಾಗಿಲ್ಲ, ಕೂಗಿದರೆ ಅವರಿಗೆ ಕೇಳುವುದಿಲ್ಲ.
ಎಡ ಭುಜ ತಟ್ಟಿದೆ, ಎಡಕ್ಕೆ.
ಬಲ ಭುಜ, ಸಾಕು, ಇನ್ನೊಂದು ಚೂರು,
ತಟ್ಟಿದೆ ತಟ್ಟಿದೆ, ಅವರ ಅಂಗಿಯಲ್ಲಿ ಕಟಿಂಗ್ ಆಯಿಲಿನ ವಾಸನೆ,
ಪಕ್ಕದ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹುಡುಗಿ
ಕ್ಲಿಪ್ಪು ಬಾಯಲ್ಲಿ ಹಿಡಿದೇ ನಿಂತಳು.

ಮಿಂಚಿತು. ಎಣಿಸಿದೆ. ಮಿಂಚಿತು.
ಕಚ್ಚಿಕೊಂಡಿತು ಚಕ್ರ.

ಆಮೇಲೆ ದುರ್ಗದ ಕಡೆ ಇಳಿಯುತ್ತ ಇಳಿಯುತ್ತ
ಭೂಮಿಯ ನೆರಳಿಗೆ ಕಾಲಿಟ್ಟು ಕೆಂಪಾಯಿತು, ಇಲ್ಲವಾಯಿತು.
ಮೋಟಾರು ಮಾತ್ರ ನಿಲ್ಲಿಸಲಿಲ್ಲ.
ಅಂಕಿಗಳಿಗೆ ಕತ್ತಲೆ ಗೊತ್ತಿಲ್ಲವಲ್ಲ,
ಕಾಣದ್ದನ್ನು ಹಿಡಿದುಕೊಂಡು ಗೋಡೆಯವರೆಗೂ ಹೋಯಿತು.
ಆಫ್ ಮಾಡಲು ಕೈ ಚಾಚಿದರೆ
ಚಮನ್‌ಸಾಬರು ಬೆರಳು ತೆಗೆಯದೆ, "ತಡಿ" ಅಂದರು,
"ಇನ್ನೂ ನಡೀತೈತಿ."

ಸ್ಟಾಕ್ ರಿಜಿಸ್ಟರಿನ ಹಿಂದಿನ ಪುಟದಲ್ಲಿ,
ಒಡೆದ ಟೆಸ್ಟ್‌ಟ್ಯೂಬುಗಳ ಲೆಕ್ಕದ ಕೆಳಗೆ:
ಮಿಂಚಿನಿಂದ ಮಿಂಚಿಗೆ ಹದಿಮೂರೂವರೆ ಸೆಕೆಂಡು.
ಹೋದ ವರ್ಷ ಹನ್ನೆರಡು, ಅದರ ಹಿಂದಿನ ವರ್ಷ ಹನ್ನೊಂದು.
ಹೊಗೆ ತೆಳು.
ನೆತ್ತಿಯಲ್ಲಿ ಕೈ ಹಾಕಿದೆವು.
ಕೂಲಿ ಬಾಕಿ.