ಎರಡನೇ ಬ್ರೇಕು

ನನ್ನ ಕಾಲ ಕೆಳಗೂ ಒಂದು ಬ್ರೇಕೈತಿ.
ಸ್ಟೇರಿಂಗಿಲ್ಲ, ಆಕ್ಸಿಲರೇಟರಿಲ್ಲ, ಹಾರ್ನೂ ಇಲ್ಲ.
ಬ್ರೇಕೊಂದ.
ಹತ್ತೊಂಬತ್ತು ವರ್ಷ ಆತು, ಹಿಂಗ ಎಡಕ್ಕ ಕುಂತು
ಮಂದಿ ಓಡಿಸೋ ಗಾಡಿ ನಾ ನಿಲ್ಲಿಸ್ಕೋತ.

ಕಲಿಸೋ ದಾರಿ ಟೈರಿಗೇ ಪಾಠ ಆಗೈತಿ:
ಗೋಕುಲ ರೋಡಿನ ಒಳ ಓಣಿ, ಸಾಲಿ ಬಿಡೋಕಿಂತ ಮೊದಲ;
ನವನಗರದ ಅಡ್ಡರಸ್ತೆ; ಉಣಕಲ್ ಏರಿನ್ಯಾಗ ಹಾಫ್ ಕ್ಲಚ್.
ಒಂದು, ಎರಡು, ಮೂರನೇ ಗೇರು.
ನಾಕನೇದು ಐತಂತ ತೋರಸ್ತೇನಿ, ಹಾಕಸಂಗಿಲ್ಲ.
ಐದನೇದು ಗ್ವಾಡಿಗೆ ತೂಗಹಾಕಿದ ಪಟದಾಗಿನ ದೇವರು.

ಬೈಪಾಸಿಗೆ ಎಲ್ ಬೋರ್ಡು ಒಯ್ಯಂಗಿಲ್ಲ.
ಸರಕಾರದ ಕಾಯ್ದೆ ಏನರ ಇರವಲ್ದ್ಯಾಕ, ಇದು ನಂದು.
ಯಾಕ್ರಿ ಅಂತ ಎರಡ ಸಲ ಕೇಳಿದವರಿಗೆ
ಗಬ್ಬೂರ ಕ್ರಾಸಿನ ಗ್ಯಾರೇಜಿನ ಹಿಂದ
ಮೂತಿ ಮಡಚಿಕೊಂಡು ನಿಂತ ಬಿಳೀ ಕಾರು ತೋರಿಸಿ
ಸುಮ್ಮನಾಗ್ತಿದ್ದೆ.
ಅದರ ಹಿಂದಿನ ಗ್ಲಾಸಿನ ಮ್ಯಾಲೆ ಎಲ್ ಇರಲಿಲ್ಲ,
ಲೈಸನ್ಸ ಬಂದು ಒಂಬತ್ತು ದಿನ ಆಗಿತ್ತು,
ಇದನ್ನ ಹೇಳ್ತಿರಲಿಲ್ಲ.
ಕಲಿಸಿದಾಂವ ನಾನ ಅನ್ನೋದನ್ನೂ.

ಆಮ್ಯಾಲೆ ಬಂದಾಕಿ ನೀಲವ್ವ ಕಮಡೊಳ್ಳಿ.
ಕೇಶ್ವಾಪುರದಾಗ ರೊಟ್ಟಿ ಕೇಂದ್ರ, ದಿನಾ ಎಂಟುನೂರು,
ಹಳೇ ವ್ಯಾನೊಂದು ಕೊಂಡಾಳ, ವಯಸ್ಸು ನಲವತ್ತಾರು.
ಗೇರಿನ ಗುಂಡಿಗೆ ಅಂಗೈ ಇಟ್ಟಳಂದ್ರ
ಹಿಟ್ಟಿನ ಉಂಡಿ ಹಿಡದಂಗ.

"ಧಾರವಾಡದ ಹಾಸ್ಟೆಲ್ಲಿಗೆ ಏಳಕ್ಕ ಮುಟ್ಟಬೇಕ್ರಿ.
ಊರಾಗ ಹಾದು ಹೋದ್ರ ಸಿಗ್ನಲ್ಲಿನ್ಯಾಗ ರೊಟ್ಟಿ ಕಡಕಾಗ್ತಾವ.
ನಂದು ದಾರಿ ಬೈಪಾಸ. ಅದನ್ನ ಯಾವಾಗ ಕಲಸ್ತೀರಿ?"

ಲೈಸನ್ಸ ಬರಲಿ, ಅಂದೆ.

"ಅಂದ್ರ, ನೀವು ಇಳದ ಮ್ಯಾಲೆ."

ಹಸರು ಬಿತ್ತು. ಹಿಂದಿನ ಆಟೋದಾಂವ ಬೈದ.
ಆಕಿ ಅವಸರ ಮಾಡಲಿಲ್ಲ, ಕ್ಲಚ್ ಬಿಡಕೋತ ಅಂದಳು:
"ತಣ್ಣನ ಹಂಚಿನ ಮ್ಯಾಲೆ ರೊಟ್ಟಿ ಕಲತಾಕಿನ್ನ
ನಾನಂತೂ ನೋಡಿಲ್ರಿ."

ಹೊತ್ತಿದ ರೊಟ್ಟಿ ನಾಯಿಗೆ ಹಾಕ್ತೀವಿ, ನೀಲವ್ವಾ,
ಅನ್ನಾವಿದ್ದೆ. ಬಾಯಾಗಿಂದು ಬಾಯಾಗ ಉಳೀತು.
ಆರ್‌ಟಿಓ ಮೈದಾನದ ಎಂಟರ ಅಂಕಿ ನೆನಪಾತು:
ಇಪ್ಪತ್ತರ ವೇಗದಾಗ ಎಂಟು ಬರದು ತೋರಿಸಿದವರಿಗೆ
ತೊಂಬತ್ತರ ರಸ್ತೇಕ ಪಾಸು ಕೊಡ್ತಾರ.
ಒಬ್ಬಂಟಿಗೆ. ರಾತ್ರಿಗೂ. ಮಳಿಗೂ.

ಐತವಾರ, ನಸುಕು. ಗಬ್ಬೂರ ಕ್ರಾಸಿಗೆ ಬಂದ್ವಿ.
ಟೋಲಿನ ಹುಡುಗ ಕೆಂಪು ಎಲ್ ನೋಡಿ ನಕ್ಕ:
"ಕಲಿಯಾವ್ರಿಗೆ ರೇಟ್ ಕಡಿಮಿ ಇಲ್ರಿ, ಅಕ್ಕಾರ."
ಆಕಿ ಗ್ಲಾಸ್ ಏರಿಸಿದಳು, ಕೈ ನಡಗಲಿಲ್ಲ.
ನಡಗೋ ಕೈ ನನ್ನ ತೊಡಿ ಕೆಳಗಿತ್ತು.

ನಾಕನೇದು.
ಐದನೇದು ಬಿದ್ದಾಗ ಎಂಜಿನ್ನು ಒದರೋದು ಬಿಟ್ಟು
ತನ್ನಷ್ಟಕ್ಕ ತಾನ ಗುನಗುಡಾಕ ಹತ್ತಿತು.
ಬಾಜೂಕ ಕರೀ ಹೊಲ, ಕರೀ ಆಕಾಶ,
ಮಾತಾಡಲಿಲ್ಲ ಇಬ್ಬರೂ.

ತಾರಿಹಾಳದ ಹತ್ರ ಮೊದಲ ಘಾಟು ಬಂತು ಮೂಗಿಗೆ,
ಆಮ್ಯಾಲೆ ಕಣ್ಣಿಗೆ ಲಾರಿ:
ಬ್ಯಾಡಗಿ ಮೆಣಸಿನಕಾಯಿ, ಚೀಲದ ಬೆನ್ನಷ್ಟ,
ಹಿಂದ ಒಂದು ಲೈಟಿಲ್ಲ,
ನಿಂತೈತೋ ಹೊಂಟೈತೋ

ಗಾಡಿ ತಗ್ಗಿತು. ಆಕಿ ಕನ್ನಡಿ ನೋಡಿದಳು.
ಟಿಕ್ ಟಿಕ್ ಟಿಕ್. ಬಲಕ್ಕ ಸರದು, ದಾಟಿ,
ಮತ್ತ ಎಡಕ್ಕ.
ಇಬ್ಬರಿಗೂ ಕೂಡೇ ಸೀನು ಬಂತು.

"ನೀವ ಒತ್ತಿದ್ರೇನ್ರಿ?"

ಒತ್ತಿದ್ದೆ. ಮೈಯಾಗಿನ ಶಕ್ತಿ ಎಲ್ಲಾ ಹಾಕಿ ಒತ್ತಿದ್ದೆ,
ಪೆಡಲಿನಿಂದ ನಾಕು ಬಟ್ಟು ಈಚೆ,
ಬರೇ ಮ್ಯಾಟಿನ ಮ್ಯಾಲೆ.

ಇಲ್ಲ, ಅಂದೆ.
ಆಕಿ ನಂಬಲಿಲ್ಲ. ನರೇಂದ್ರ ಬರೋತನಾ
ಒಂದ ಸಮ ನಕ್ಕೋತ ಓಡಿಸಿದಳು.

ಈಗ ಬ್ಯಾರೆಯವರು ಬಂದು ಕೇಳ್ತಾರ, ಒಯ್ತೀರೇನ್ರಿ?
ಒಬ್ಬೊಬ್ಬರನ್ನ ಒಯ್ತೇನಿ. ಒಬ್ಬೊಬ್ಬರಿಗೆ ಆ ಬಿಳೀ ಕಾರು ತೋರಸ್ತೇನಿ,
ಪೂರ್ತಿ ಕತಿ ಸಮೇತ.
ಯಾರಿಗೆ ಯಾವದು ಅನ್ನೋದು ನನಗೂ ಖಾತ್ರಿ ಇಲ್ಲ.

ಮುಂಜಾನೆ ಆರೂವರಿಗೆ ಎಚ್ಚರಾಗತೈತಿ,
ನೀಲವ್ವ ಒಬ್ಬಾಕಿನ ತಾರಿಹಾಳ ದಾಟೋ ಹೊತ್ತು.
ಕೌದಿ ಒಳಗ ಬಲಗಾಲು ತಾನ ಚಾಚತೈತಿ,
ಹುಡುಕತೈತಿ.
ಒದೀಬ್ಯಾಡ್ರಿ, ಅಂತಾಳ ನನ್ನ ಹೆಂಡತಿ,
ಕಣ್ಣು ತಗೀದನ.