ಹೋಗುವ ಬಾಡಿಗೆ ಮಾತ್ರ

ನಮ್ಮಜ್ಜ ಹೊಸಬು ಒಂಬತ್ತರ ವಯಸ್ಸಿಗೆ
ಕಾರವಾರದ ದೊಡ್ಡ ರಸ್ತೆಯಲ್ಲಿ ದೋಣಿ ನಡೆಸಿದವನು.
ನೀರಿರಲಿಲ್ಲ. ಧೂಳಿತ್ತು.
ದೂರದ ಯಾವುದೋ ಊರಲ್ಲಿ ಯಾರಿಗೋ ಪಟ್ಟವಾಯಿತಂತೆ,
ಅದಕ್ಕೆ ಇಲ್ಲಿ ಮೆರವಣಿಗೆ.

ಮುನಸಿಪಾಲಿಟಿಯ ಕಾರಕೂನ ಪುಂಡಲೀಕರಾಯರು
ಕೋಡಿಬಾಗಕ್ಕೆ ಬಂದು, ಮೂಗಿಗೆ ಶಲ್ಯದ ಚುಂಗು ಹಿಡಿದು,
ಒಂದು ದೋಣಿ ಬೇಕು, ಚೆಂದದ್ದು, ವಾಸನೆಯಿಲ್ಲದ್ದು, ಅಂದರು.
ವಾಸನೆಯಿಲ್ಲದ ದೋಣಿ!
ಮುತ್ತಜ್ಜ ದುರ್ಗು ನಕ್ಕ. ನಕ್ಕು ಕೊಟ್ಟ.
ಸರಕಾರ ಕೇಳಿದ ಮೇಲೆ ಕೊಡುವುದಕ್ಕೆ
ಕೊಡುವುದು ಅನ್ನುತ್ತಾರೋ ಇಲ್ಲವೋ, ಇರಲಿ.
ಮೂರು ದಿನ ಸೀಗೆಪುಡಿ ಹಾಕಿ ಉಜ್ಜಿದರು
ಮದುಮಗಳ ಬೆನ್ನು ಉಜ್ಜಿದ ಹಾಗೆ.

ಮುಂದೆ ಪೊಲೀಸರು, ಸಾಹೇಬರ ಬಿಳಿ ಕುದುರೆ,
ಕಾಗದದ ಬಾವುಟ ಹಿಡಿದ ಶಾಲೆಯ ಮಕ್ಕಳು,
ಹೊಳೆ ದಾಟಿ ಗೋವೆಯಿಂದ ಬಂದ ಪಾಸ್ಕಲನ ಬ್ಯಾಂಡು,
ಪಲ್ಲಕ್ಕಿಯೊಳಗೆ, ದೇವರು ಕೂರುವಲ್ಲಿ,
ಚೌಕಟ್ಟು ಹಾಕಿದ ಒಂದು ಚಿತ್ರ.
ಅದರ ಹಿಂದೆ ಎರಡು ಎತ್ತಿನ ಗಾಡಿ ಕೂಡಿಸಿ ಬಿಗಿದು
ಮೇಲೆ ನಮ್ಮ ದೋಣಿ,
ದೋಣಿಯಲ್ಲಿ ಬೇಗಡೆಯ ಕಿರೀಟ ತೊಟ್ಟ ವರುಣ,
ಅಂದರೆ ನಮ್ಮಜ್ಜ.

ಹುಟ್ಟು ಹಾಕುತ್ತಲೇ ಇರು, ನಿಲ್ಲಿಸಿದರೆ ನೋಡು,
ಎಂದಿದ್ದರು ರಾಯರು.
ಹಾಕಿದ.
ನೀರಾದರೆ ಹುಟ್ಟನ್ನು ಹಿಡಿಯುತ್ತದೆ, ಜಗ್ಗುತ್ತದೆ,
ಮತ್ತೆ ತಾನೇ ಬಿಟ್ಟುಕೊಡುತ್ತದೆ.
ಗಾಳಿಯದು ಹಿಡಿತವೂ ಇಲ್ಲ, ಬಿಡುವೂ ಇಲ್ಲ.
ಪೇಟೆ ದಾಟುವಷ್ಟರಲ್ಲಿ ತೋಳು ಬಿದ್ದುಹೋಯಿತು.
ಮಾಳಿಗೆಯ ಮೇಲಿನ ಹೆಂಗಸರು ನಕ್ಕು ಅರಳು ಎರಚಿದರು.
ಅಜ್ಜ ಅಳುತ್ತಿದ್ದ. ಕಿರೀಟ ಕಣ್ಣಿಗೆ ಇಳಿದಿದ್ದರಿಂದ
ಯಾರಿಗೂ ಕಾಣಲಿಲ್ಲ.

ಕಚೇರಿಯ ಅಂಗಳದಲ್ಲಿ ಭಾಷಣ. ಒಂದು ಲಾಡು.
ಎದೆಗೆ ತಗಡಿನ ಬಿಲ್ಲೆ.
ಗಾಡಿಯವರು ದೋಣಿ ಇಳಿಸಿ ಎತ್ತು ಹೊಡೆದುಕೊಂಡು ಹೋದರು.
ಖರ್ಚಿನ ಪಟ್ಟಿಯಲ್ಲಿ ರಾಯರ ಮುದ್ದಾದ ಅಕ್ಷರ:
ದೀವಟಿಗೆ ಎಣ್ಣೆ, ಇಷ್ಟು. ಅರಳು, ಇಷ್ಟು.
ದೋಣಿಗೆ ಗಾಡಿ, ಹೋಗುವ ಬಾಡಿಗೆ ಮಾತ್ರ.

ಬಂಗಡೆ ದಂಡೆಗೇ ಬರುವ ದಿನಗಳು ಅವು.
ಕಡಲು ಬೆಳ್ಳಿ ಬೆಳ್ಳಿ ಕುದಿಯುತ್ತಿತ್ತು,
ದುರ್ಗು ಕಚೇರಿಯ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ಕೂತಿದ್ದ.
ಬಿಸಿಲಿಗೆ ಹಲಗೆ ಸೀಳಿತು. ಹೊಲಿದ ನಾರು ಒಣಗಿ
ಎಳೆ ಎಳೆ ಬಿಚ್ಚಿಕೊಂಡಿತು.
ಜವಾನನ ಆಡು ಅದರೊಳಗೇ ಈಯಿತು, ಎರಡು ಮರಿ.

ಹನ್ನೊಂದನೆಯ ರಾತ್ರಿ ಕೋಡಿಬಾಗ ಎದ್ದು ಬಂತು.
ನಲವತ್ತು ಹೆಗಲು.
ಬ್ಯಾಂಡಿಲ್ಲ, ದೀವಟಿಗೆಯಿಲ್ಲ,
ಐಲೇಸಾ ಅನ್ನುವುದನ್ನೂ ಹಲ್ಲಿನ ಹಿಂದೆ ಕಚ್ಚಿ ಹಿಡಿದು
ಅದೇ ರಸ್ತೆ, ಹಿಮ್ಮುಖ.
ಸೆರೆಯಂಗಡಿಯ ಜಗಲಿಯಿಂದ ಒಬ್ಬ ಎದ್ದು ಹೆಗಲು ಕೊಟ್ಟ,
ಪಾಸ್ಕಲ! ನೀನಿನ್ನೂ ಊರಿಗೆ ಹೋಗಲಿಲ್ಲವೇ?
ನನಗೂ ಬರುವ ಬಾಡಿಗೆ ಮಾತ್ರ, ಅಂದ.
ಹಿಂದಿನಿಂದ ಆಡು, ಮರಿಗಳ ಸಮೇತ,
ತನ್ನ ಮನೆ ಎಲ್ಲಿಗೆ ಹೊರಟಿತೆಂದು ಕೂಗುತ್ತ.

ಒಣಗಿದ ದೋಣಿಯನ್ನು ಹೊಲಿದ ಮೇಲೆ ಮುಳುಗಿಸಬೇಕು.
ಮರ ನೀರು ಕುಡಿಯಬೇಕು, ಉಬ್ಬಬೇಕು,
ಬಿರುಕಿನ ಎರಡು ತುಟಿ ತಾವೇ ಕೂಡಬೇಕು.
ಎದೆಮಟ್ಟದ ನೀರಲ್ಲಿ, ಮುಳುಗಿದ ದೋಣಿಯೊಳಗೆ
ಅಜ್ಜ ಮೂರು ದಿನ ಕಾವಲು ಕೂತ.
ಮುತ್ತಜ್ಜಿ ಬುದವಂತಿ ಬಿಲ್ಲೆಗೆ ತೂತು ಕೊರೆದು
ಬೀಸುಬಲೆಯ ಅಂಚಿಗೆ ಕಟ್ಟಿದಳು, ಗುಂಡೊಂದು ಕಡಿಮೆಯಿತ್ತು.
ಆ ವಾರವೇ ಪುಂಡಲೀಕರಾಯರು ಬಂದರು,
ದೋಣಿಗಲ್ಲ, ಬಂಗಡೆಗೆ. ಶಲ್ಯ ಹೆಗಲ ಮೇಲೇ ಇತ್ತು.

ನಾನು ಕಂಡ ಅಜ್ಜನಿಗೆ ಎಂಬತ್ತು ದಾಟಿತ್ತು.
ಯಾರದೋ ಮದುವೆಯ ಬ್ಯಾಂಡು ಓಣಿ ಹಾಯ್ದರೆ
ಮಲಗಿದಲ್ಲೇ ಅವನ ಎರಡೂ ತೋಳು ಅಲ್ಲಾಡುವವು.
ನಾವು ನಗುತ್ತಿದ್ದೆವು.
ಗಾಳಿ ಹಗುರ ಅನ್ನುತ್ತೀರಿ, ಅನ್ನುತ್ತಿದ್ದ,
ಎಳೆದು ನೋಡಿ.